ತಾರೀಖು ಬರೆಯುವ ಬಗೆ

ನಮ್ಮ ತಂದೆಯವರು ತೀರಿಕೊಂಡ ಮೇಲೆ ಮುಂಬಯಿಯ ಮನೆಯ ಹಳೆಯ ಟ್ರಂಕಿನಲ್ಲಿ ಕಾಗದಗಳ ಒಂದು ಕಟ್ಟು ದೊರೆಯಿತು. ಹಾವೇರಿಯಲ್ಲಿದ್ದ ನಮ್ಮ ಅಜ್ಜಿಗೆ ಅವರು ಬರೆದ ಕಾಗದಗಳವು. ಅಜ್ಜಿ ಅವನ್ನು ಜೋಪಾನವಾಗಿಟ್ಟು ಕೊನೆಗಾಲದಲ್ಲಿ ಮಗನಿಗೇ ಒಪ್ಪಿಸಿದ್ದರು. ಒಂದರಲ್ಲಿ "ಕೂಸಿಗೆ ನಿನ್ನೆ ಹೆಸರಿಟ್ಟೆವು" ಎಂಬ ಸಾಲಿದ್ದಿತು. ವರ್ಷ ತುಂಬುವ ಮೊದಲೇ ಕಣ್ಮುಚ್ಚಿದ, ನಾವು ಕಾಣದ ನಮ್ಮ ಅಕ್ಕನೇ ಆ ಕೂಸು. ಆಕೆ ಹುಟ್ಟಿದ ವರ್ಷ ಯಾವುದೆಂಬುದು ಎಂಬತ್ತು ದಾಟಿದ ನಮ್ಮ ತಾಯಿಯವರಿಗೆ ನೆನಪಾಗದೆ ಹೋಗಿತ್ತು. ಕಾಗದದ ತಲೆಯಲ್ಲಿ "ತಾ. 15-8, ಶನಿವಾರ" ಎಂದಿಷ್ಟೇ ಇದೆ. ಅಂಚೆಯ ಮೊಹರು ಅಳಿಸಿಹೋಗಿದೆ.

ಆ "ಶನಿವಾರ" ಎಂಬ ಒಂದು ಮಾತು ನಮ್ಮ ಕೈಹಿಡಿಯಿತು. ತಂದೆತಾಯಿಗಳ ಮದುವೆ 1960ರಲ್ಲಿ. ನಾವು ಹುಟ್ಟಿದ್ದು 1966ರ ಜನವರಿಯಲ್ಲಿ. ಈ ನಡುವೆ ಆಗಸ್ಟ್ 15 ಶನಿವಾರ ಬಂದದ್ದು 1964ರಲ್ಲಿ ಮಾತ್ರ. ವಾರವನ್ನೂ ಬರೆಯದಿದ್ದ ಉಳಿದ ಕಾಗದಗಳು ಇಂದಿಗೂ ಮೂಕವಾಗಿಯೇ ಇವೆ.

ತಾರೀಖು ಬರೆಯುವುದು ಬರೆಯುವವನಿಗಾಗಿ ಅಲ್ಲ. ಅವನಿಗೆ ಅದು ಗೊತ್ತೇ ಇರುತ್ತದೆ. ಅದು ದೂರದಲ್ಲಿ ಅಥವಾ ಮುಂದೆಂದೋ ಓದುವವರಿಗಾಗಿ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಕನ್ನಡದ ಎಷ್ಟೋ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಉಂಟು. ಒಂದು ಅಕ್ಷರ ಸವೆದರೂ ಉಳಿದವು ಸಾಕ್ಷಿ ಹೇಳುತ್ತವೆ. ಬಾದಾಮಿಯ ಗುಹೆಯಲ್ಲಿರುವ ಮಂಗಳೇಶನ ಶಾಸನ ಶಕ 500ರ ಕಾರ್ತಿಕ ಹುಣ್ಣಿಮೆಯದು. 78 ಕೂಡಿಸಿದರೆ ಕ್ರಿ.ಶ. 578 ಎಂದು ಇಂದಿನ ಶಾಲೆಯ ಮಗುವೂ ಲೆಕ್ಕ ಹಾಕಬಲ್ಲದು.

ಇನ್ನು ನಮ್ಮ ಕಾಲದ ಮಾತು. ಅಮೆರಿಕದಲ್ಲಿರುವ ನಮ್ಮ ಸೋದರಳಿಯ "4/5ಕ್ಕೆ ಬರುತ್ತೇನೆ" ಎಂದು ತಾಯಿಗೆ ಬರೆದ. ಆ ದೇಶದಲ್ಲಿ ತಿಂಗಳು ಮೊದಲು, ದಿನ ಅನಂತರ. ಅವನ ಮನಸ್ಸಿನಲ್ಲಿದ್ದುದು ಏಪ್ರಿಲ್ 5. ನಮ್ಮ ತಂಗಿ ಓದಿಕೊಂಡದ್ದು ಮೇ 4. ಅವನು ಧಾರವಾಡದ ಮನೆಯ ಮುಂದೆ ಬಂದು ನಿಂತಾಗ ಬಾಗಿಲಿಗೆ ಬೀಗ. ಆಕೆ ಪುಣೆಯಲ್ಲಿ ಮಗಳ ಮನೆಯಲ್ಲಿದ್ದಳು! ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದಲೇ ಬರೆದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ.

ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಪೂರ್ತಿಯಾಗಿ ಬರೆಯತಕ್ಕದ್ದು. 2020ರಲ್ಲಿ "5-3-20" ಎಂದು ಬರೆದ ಪತ್ರದ ಕೊನೆಗೆ ಯಾರಾದರೂ 19 ಸೇರಿಸಿದರೆ ಅದು 2019 ಆಗಿಬಿಡುತ್ತಿತ್ತು. ಬ್ಯಾಂಕಿನ ಚೆಕ್ಕಿನ ಮೇಲೆ ವರ್ಷಕ್ಕೆ ನಾಲ್ಕು ಮನೆಗಳನ್ನು ಬಿಟ್ಟಿರುವುದು ಸುಮ್ಮನೆ ಅಲ್ಲ. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು. ಅದರ ಎಣಿಕೆ ನಾವು ಬರೆದ ತಾರೀಖಿನಿಂದಲೇ.

ಅಲ್ಪವಿರಾಮದ ಕೆಲಸ ಎರಡನ್ನು ಬೇರ್ಪಡಿಸುವುದು. "ಮಾರ್ಚ್ 5, 2024" ಎಂದಾಗ 5 ಮತ್ತು 2024 ಒಂದಕ್ಕೊಂದು ಅಂಟದಿರಲು ಅದು ಬೇಕು. "5 ಮಾರ್ಚ್ 2024" ಎಂದಾಗ ತಿಂಗಳ ಹೆಸರೇ ನಡುವೆ ನಿಂತಿರುವುದರಿಂದ ಬೇಡ. ವಾರ ಸೇರಿದರೆ ಅದರ ಮುಂದೆ ಒಂದು ವಿರಾಮ: "ಮಂಗಳವಾರ, 5 ಮಾರ್ಚ್ 2024". ಹಲವು ದಿನಗಳ ಉತ್ಸವವಿದ್ದರೆ ಗೀಟುಗಳ ಸಾಲು ಬೇಡ. "5ರಿಂದ 8ರವರೆಗೆ" ಎಂಬ ಕನ್ನಡವೇ ಸಾಕು. ಗಣಕಯಂತ್ರದ ಕಡತಗಳಿಗೆ ಹೆಸರಿಡುವಾಗ ಮಾತ್ರ 2024-03-05 ಎಂಬ ಕ್ರಮ ಮೇಲು. 1988ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಈ ಕ್ರಮದಲ್ಲಿ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

ನಮ್ಮ ಭಾಷೆಯದೇ ಒಂದು ತೊಡಕುಂಟು. "ದಿ." ಎಂಬುದು ದಿನಾಂಕಕ್ಕೂ ಸಲ್ಲುತ್ತದೆ, ದಿವಂಗತರಿಗೂ ಸಲ್ಲುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಅದು ಮುಖ್ಯ ಅತಿಥಿಗಳ ಹೆಸರಿನ ಹತ್ತಿರ ಸುಳಿಯದಂತೆ "ತಾ." ಎಂದು ಬರೆಯುವುದು ಎಲ್ಲರಿಗೂ ಕ್ಷೇಮ.

ಪಂಚಾಂಗದ ದಿನ ಸೂರ್ಯೋದಯದಿಂದ, ರೈಲಿನ ದಿನ ನಡುರಾತ್ರಿಯಿಂದ. ನಡುರಾತ್ರಿ ಕಳೆದು ಹತ್ತು ನಿಮಿಷಕ್ಕೆ ಹೊರಡುವ ಗಾಡಿಯ ಟಿಕೆಟ್ಟಿನಲ್ಲಿ 13 ಎಂದಿದ್ದರೆ, 12ರ ರಾತ್ರಿಯ ಊಟ ಮುಗಿಸಿಯೇ ನಿಲ್ದಾಣಕ್ಕೆ ಹೋಗಬೇಕು. ತಿಥಿಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮಲ್ಲಿ, ಮಹಾರಾಷ್ಟ್ರದಲ್ಲಿಯಂತೆ, ಮಾಸ ಮುಗಿಯುವುದು ಅಮಾವಾಸ್ಯೆಗೆ. ದೆಹಲಿಯ ಕಡೆ ಹುಣ್ಣಿಮೆಗೆ. ಆದುದರಿಂದ ನಮ್ಮ ಶ್ರಾವಣ ಬಹುಳ ಅಷ್ಟಮಿ ಅಲ್ಲಿ ಭಾದ್ರಪದದ್ದಾಗುತ್ತದೆ. ದಿನ ಒಂದೇ, ಹೆಸರು ಬೇರೆ. ದೆಹಲಿಯ ನೆರೆಯವರನ್ನು ತಿಥಿ ಹೇಳಿ ಕರೆಯುವಾಗ ತಾರೀಖನ್ನೂ ಜೊತೆಗೆ ಹೇಳುವುದು ಲೇಸು.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯಲ್ಲಿರುವ ಹಳೆಯ ಭಾವಚಿತ್ರಗಳ ಹಿಂದೆ, ನೆನಪಿರುವ ಹಿರಿಯರನ್ನು ಕೇಳಿ, ಪೆನ್ಸಿಲಿನಿಂದ ದಿನ, ತಿಂಗಳು, ವರ್ಷ, ಸಾಧ್ಯವಾದರೆ ವಾರವನ್ನೂ ಬರೆದಿಡಿರಿ. ಇಂದು ಹೇಳಬಲ್ಲವರು ನಾಳೆ ಇರಲಾರರು.

1964 ಎಂದು ತಿಳಿಸಿದ ದಿನ ನಮ್ಮ ತಾಯಿಯವರು ಆ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದ್ದಿದ್ರ ಈಗ ಅರವತ್ತು ದಾಟತಿತ್ತು ನೋಡು" ಎಂದರು. ಆ ವಯಸ್ಸನ್ನು ಎಣಿಸಲು ಅವರಿಗೆ ಅಷ್ಟು ವರ್ಷ ಸಾಧ್ಯವಾಗಿರಲಿಲ್ಲ.