ಕೊಡಗು ಎಂದರೆ ಎಷ್ಟು ಅಕ್ಷರ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮುಕ್ತ ತಂತ್ರಾಂಶ. ಅದರ ಒಡಲನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಮ್ಮ ಲ್ಯಾಪ್‌ಟಾಪಿನಲ್ಲೇ ಕಟ್ಟಬಹುದು, ಪರೀಕ್ಷೆಗೆ ಒಡ್ಡಬಹುದು. ಕನ್ನಡದ ಮಟ್ಟಿಗೆ ಆ ಪರೀಕ್ಷೆ ಇನ್ನೂ ಬಾಕಿ ಇದೆ. ಅದನ್ನು ಬರೆಯಲು ಬೆಂಗಳೂರಿನ ಬಸ್ಸು ಹತ್ತಬೇಕಿಲ್ಲ.

‘ಕೊಡಗು’ ಪದದಲ್ಲಿ ಎಷ್ಟು ಅಕ್ಷರ ಎಂದು ಒಂದನೇ ತರಗತಿಯ ಮಗುವನ್ನು ಕೇಳಿ, ಬೆರಳು ಮಡಚಿ 3 ಎನ್ನುತ್ತದೆ. ಪೈಥಾನನ್ನು ಕೇಳಿ, 5 ಎನ್ನುತ್ತದೆ. ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯ ಸ್ಟ್ರ್‌ಲೆನ್ 15 ಎಂದು ಲೆಕ್ಕ ಒಪ್ಪಿಸುತ್ತದೆ. ಅದೇ ಪದವನ್ನು ಇನ್ನೊಂದು ಬಗೆಯಲ್ಲಿ ಒಳಗಿಟ್ಟರೆ ಪೈಥಾನ್ 6 ಎಂದೂ ಹೇಳೀತು. ತಮಾಷೆಯೆಂದರೆ ಯಾರೂ ತಪ್ಪು ಹೇಳುತ್ತಿಲ್ಲ. ಮಗು ಎಣಿಸಿದ್ದು ಅಕ್ಷರಗಳನ್ನು. ಪೈಥಾನ್ ಎಣಿಸಿದ್ದು ಯೂನಿಕೋಡ್ ಸಂಕೇತಗಳನ್ನು: ಕ, ಒತ್ವ, ಡ, ಗ, ಉತ್ವ. ಪಿಎಚ್‌ಪಿ ಎಣಿಸಿದ್ದು ಬೈಟುಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು.

ಮೊಬೈಲ್ ಆ್ಯಪ್ ಇರಲಿ, ಪಂಚಾಯಿತಿಯ ಪಟ್ಟಿ ಇರಲಿ, ಕನ್ನಡ ಪಠ್ಯವನ್ನು ಹುಡುಕುವ, ವಿಂಗಡಿಸುವ, ಕತ್ತರಿಸುವ ಕೆಲಸವೆಲ್ಲ ಕೊನೆಗೆ ಇಂಥ ಲೆಕ್ಕದ ಮೇಲೆಯೇ ನಿಂತಿದೆ. ಲೆಕ್ಕ ಹಾಕುವುದು ರನ್‌ಟೈಮ್ ಎಂಬ ಒಳಯಂತ್ರ.

ಒಳಗೇನಿದೆ?

ಗಿಡೊ ವಾನ್ ರಾಸಮ್ ಪೈಥಾನ್ ಕೆಲಸ ಶುರುಮಾಡಿದ್ದು 1989ರ ಡಿಸೆಂಬರಿನಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಕೇಂದ್ರದಲ್ಲಿದ್ದಾಗ. 1991ರ ಫೆಬ್ರುವರಿಯಲ್ಲಿ ಅದು ಹೊರಬಂತು. ಇಂದು ಜಗತ್ತು ಬಳಸುವ ಮುಖ್ಯ ರೂಪ ಸಿಪೈಥಾನ್. ಹೆಸರೇ ಹೇಳುವಂತೆ ಸಿ ಭಾಷೆಯಲ್ಲಿ ಬರೆದದ್ದು. ನಾವು ಬರೆದ ಸಾಲುಗಳನ್ನು ಪಾರ್ಸರ್ ಓದುತ್ತದೆ, ಕಂಪೈಲರ್ ಅವನ್ನು ಬೈಟ್‌ಕೋಡ್ ಆಗಿ ಬದಲಿಸುತ್ತದೆ, ಇಂಟರ್‌ಪ್ರಿಟರ್ ಆ ಬೈಟ್‌ಕೋಡನ್ನು ಒಂದೊಂದಾಗಿ ನಡೆಸುತ್ತದೆ. ಬೇಡವಾದ ವಸ್ತುಗಳನ್ನು ನೆನಪಿನಿಂದ ತೆರವು ಮಾಡುವುದೂ ಅದರದ್ದೇ ಹೊಣೆ.

ಈ ಯಂತ್ರ ನಿಂತ ನೀರಲ್ಲ. 2020ರ 3.9 ಆವೃತ್ತಿಗೆ ಹೊಸ ಪಾರ್ಸರ್ ಬಂತು. 2022ರ 3.11 ಹಿಂದಿನದಕ್ಕಿಂತ ಸರಾಸರಿ ಶೇ 25ರಷ್ಟು ವೇಗವಾಯಿತು. 2024ರ ಅಕ್ಟೋಬರಿನ 3.13ರಲ್ಲಿ, ಹಲವು ಥ್ರೆಡ್‌ಗಳು ನಿಜಕ್ಕೂ ಏಕಕಾಲಕ್ಕೆ ಓಡಲು ಅಡ್ಡಿಯಾಗಿದ್ದ ಜಾಗತಿಕ ಬೀಗವನ್ನು ತೆಗೆದ ಪ್ರಾಯೋಗಿಕ ರೂಪವೂ ಸೇರಿತು. ಇಷ್ಟು ದೊಡ್ಡ ರಿಪೇರಿಯ ನಡುವೆಯೂ ಹಳೆಯ ಪ್ರೋಗ್ರಾಮುಗಳು ಮುರಿದು ಬೀಳದಂತೆ ಕಾಯುವುದು ಪರೀಕ್ಷೆಗಳ ಪಡೆ.

ಕಟ್ಟುವ ಕೆಲಸ

ಸಿಪೈಥಾನಿನ ಮೂಲ ಸಂಕೇತ 2017ರಿಂದ ಗಿಟ್‌ಹಬ್‌ನಲ್ಲಿದೆ. ಲಿನಕ್ಸ್ ಇರುವ ಸಾಮಾನ್ಯ ಲ್ಯಾಪ್‌ಟಾಪು, ಒಂದು ಸಿ ಕಂಪೈಲರು ಇದ್ದರೆ ಸಾಕು. ಮೊದಲು ಗಿಟ್ ಕ್ಲೋನ್ ಮಾಡಿ. ನೆಟ್‌ವರ್ಕ್ ಕುಂಟುತ್ತಿದ್ದರೆ ಡೆಪ್ತ್ 1 ಎಂಬ ಆಯ್ಕೆ ಕೊಡಿ. ಮೂರು ದಶಕಗಳ ಇತಿಹಾಸವೆಲ್ಲ ಇಳಿಯದೆ ಇವತ್ತಿನ ಕಡತಗಳಷ್ಟೇ ಇಳಿಯುತ್ತವೆ. ಆಮೇಲೆ ಕಾನ್ಫಿಗರ್ ನಡೆಸಿ. ನಿಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಅದು ತಡಕಿ ನೋಡುತ್ತದೆ. ವಿತ್ ಪೈಡೀಬಗ್ ಆಯ್ಕೆ ಸೇರಿಸಿದರೆ ಒಳಗಿನ ಹೆಚ್ಚುವರಿ ತಪಾಸಣೆಗಳು ಎಚ್ಚರಗೊಳ್ಳುತ್ತವೆ. ಕೊನೆಗೆ ಮೇಕ್.

ಸಿ ಕಡತಗಳು ಸಾಲುಸಾಲಾಗಿ ಕಂಪೈಲ್ ಆಗಿ ಕೆಲವು ನಿಮಿಷಗಳಲ್ಲಿ ನಿಮ್ಮದೇ ಪೈಥಾನ್ ಸಿದ್ಧ. ಓಪನ್‌ಎಸ್‌ಎಸ್‌ಎಲ್ ಅಥವಾ ಜೀಲಿಬ್‌ನ ಡೆವಲಪ್‌ಮೆಂಟ್ ಪ್ಯಾಕೇಜು ಇಲ್ಲದಿದ್ದರೆ, ಇಂತಿಂಥ ಮಾಡ್ಯೂಲು ಕಟ್ಟಲಾಗಲಿಲ್ಲ ಎಂದು ಪರದೆಯ ತುದಿಯಲ್ಲಿ ಪಟ್ಟಿ ಬರುತ್ತದೆ. ಮೊದಲ ಸಲ ಕಟ್ಟುವವರು ಎಡವುವುದು ಹೆಚ್ಚಾಗಿ ಇಲ್ಲೇ. ಆ ಪ್ಯಾಕೇಜು ಹಾಕಿ ಮತ್ತೆ ಕಾನ್ಫಿಗರ್, ಮೇಕ್ ಮಾಡಿದರಾಯಿತು.

ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ಇಂಟರ್‌ನೆಟ್ ಮಾಯವಾಗುವುದು ಕೊಡಗಿನವರಿಗೆ ಹೊಸದಲ್ಲ. ಒಮ್ಮೆ ಮೂಲ ಸಂಕೇತ ಇಳಿದ ಮೇಲೆ ಕಟ್ಟುವುದಕ್ಕೆ ನೆಟ್ ಬೇಡ. ಬ್ಯಾಟರಿಯಲ್ಲಿ ಜೀವ ಇದ್ದರೆ ಕೆಲಸ ಸಾಗುತ್ತದೆ.

ಪರೀಕ್ಷೆಯ ಜರಡಿ

ಕಟ್ಟಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಟೆಸ್ಟ್ ಎಂಬ ಮಾಡ್ಯೂಲನ್ನು ನಡೆಸಬೇಕು. ಕಾಫಿ ಬೀಜವನ್ನು ಒಂದಾದ ಮೇಲೊಂದು ಅಳತೆಯ ಜರಡಿಗೆ ಹಾಕಿ ದರ್ಜೆ ಬಿಡಿಸುವಂತೆ, ನೂರಾರು ಪರೀಕ್ಷಾ ಕಡತಗಳು ಭಾಷೆಯ ಒಂದೊಂದು ಅಂಗವನ್ನೂ ಸೋಸುತ್ತವೆ. ಗಣಿತಕ್ಕೆ ಒಂದು, ದಿನಾಂಕಕ್ಕೆ ಒಂದು, ಪಠ್ಯ ಹುಡುಕಾಟಕ್ಕೆ ಒಂದು. ಬೇಕಾದರೆ ಒಂದೇ ಕಡತವನ್ನು ಆರಿಸಿ ನಡೆಸಬಹುದು. ನೆನಪಿನ ಸೋರಿಕೆ ಹಿಡಿಯಬೇಕಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಓಡಿಸಿ, ಬಳಸಿದ ವಸ್ತುಗಳ ಎಣಿಕೆ ಏರುತ್ತಿದೆಯೇ ಎಂದು ನೋಡುವ ಸೌಲಭ್ಯವೂ ಇದೆ.

ನೀವು ಕಳಿಸಿದ ಬದಲಾವಣೆ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ತಾನಾಗಿ ಪರೀಕ್ಷೆಗೊಳಗಾಗುತ್ತದೆ. ಅದು ಮೂಲ ಸಂಕೇತಕ್ಕೆ ಸೇರಿದ ಬಳಿಕ ಬಿಲ್ಡ್‌ಬಾಟ್ ಎಂಬ ಯಂತ್ರಗಳ ಸಮೂಹ ಇನ್ನಷ್ಟು ಬಗೆಯ ಪ್ರೊಸೆಸರುಗಳ ಮೇಲೆ ಮತ್ತೆ ಕಟ್ಟಿ ನೋಡುತ್ತದೆ. ಮೊದಲ ದರ್ಜೆಯ ಬೆಂಬಲವಿರುವ ವೇದಿಕೆಯಲ್ಲಿ ಪರೀಕ್ಷೆ ಸೋತರೆ ಬಿಡುಗಡೆಯೇ ನಿಲ್ಲುತ್ತದೆ. ಇಲ್ಲಿ ಹುದ್ದೆ, ವಶೀಲಿ ಯಾವುದೂ ನಡೆಯದು.

ಕನ್ನಡಿಗರು ಗಮನಿಸಬೇಕಾದ ಮಾತು ಇಲ್ಲೊಂದಿದೆ. ಮಾಮೂಲಿ ಓಟದಲ್ಲಿ ಇಂಟರ್‌ನೆಟ್ ಬೇಕಾದ ಪರೀಕ್ಷೆಗಳನ್ನು ಪೈಥಾನ್ ಬಿಟ್ಟು ಮುಂದೆ ಹೋಗುತ್ತದೆ. ಯೂನಿಕೋಡ್ ಪಠ್ಯವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್‌ನ ದೊಡ್ಡ ಪರೀಕ್ಷಾ ಕಡತ ಬರುವುದು ಇಂಟರ್‌ನೆಟ್‌ನಿಂದಲೇ. ಕನ್ನಡದ ಒತ್ವ, ಓತ್ವಗಳು ಅಗ್ನಿಪರೀಕ್ಷೆಗೆ ಒಳಗಾಗುವುದು ಆ ಕಡತದಲ್ಲಿ. ಆದ್ದರಿಂದ ನೆಟ್ ಇದ್ದಾಗ ಯುಆರ್‌ಎಲ್‌ಫೆಚ್ ಎಂಬ ಆಯ್ಕೆ ಕೊಟ್ಟು ಅದನ್ನೂ ನಡೆಸಿ.

ಕನ್ನಡ ಎಡವುವ ಜಾಗಗಳು

ಮೇಲಿನ 6ರ ಒಗಟು ಬಿಡುವುದು ಇಲ್ಲಿಯೇ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್ ಪಾಲಿಗೆ ಎರಡೂ ಬೇರೆ. ಸಮವೇ ಎಂದರೆ ಅಲ್ಲ ಎನ್ನುತ್ತದೆ. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತಗಳ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಂಥ ಕಡೆಯಿಂದ ಬಂದ ಪಟ್ಟಿಯಲ್ಲಿ ‘ಕೊಡಗು’ ಹುಡುಕಿದರೆ ಕಣ್ಣೆದುರೇ ಇದ್ದರೂ ಸಿಗದು. ಹೋಲಿಸುವ ಮೊದಲು ನಾರ್ಮಲೈಸ್ ಮಾಡುವುದೇ ಮದ್ದು.

ಎರಡನೆಯದು ಇನ್ನೂ ಕಿರಿಕಿರಿಯದು. ಪಠ್ಯದಿಂದ ಪದಗಳನ್ನು ಆರಿಸಲು ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಬ್ಯಾಕ್‌ಸ್ಲಾಷ್ ಡಬ್ಲ್ಯು ಎಂಬ ಗುರುತು ಬಳಸುತ್ತಾರೆ. ಪೈಥಾನ್ ಜೊತೆಗೇ ಬರುವ ರೆ ಮಾಡ್ಯೂಲು ಸ್ವರಚಿಹ್ನೆಗಳನ್ನು ಪದದ ಭಾಗವೆಂದು ಒಪ್ಪುತ್ತಿರಲಿಲ್ಲ. ‘ಕೊಡಗು’ ಅದರ ಕೈಗೆ ಸಿಕ್ಕರೆ ‘ಕ’ ಮತ್ತು ‘ಡಗ’ ಎಂಬ ಎರಡು ತುಂಡು! ಇದೇ ಬಗೆಯ ತೊಂದರೆ ದೇವನಾಗರಿಗೂ ಇದೆ ಎಂದು 2007ರಲ್ಲೇ ಪೈಥಾನಿನ ದೋಷಪಟ್ಟಿಯಲ್ಲಿ ದಾಖಲಾಯಿತು. ಬಹುಕಾಲ ಹಾಗೆಯೇ ಉಳಿಯಿತು. ಸದ್ಯಕ್ಕೆ ಪರ್ಯಾಯವಾಗಿ ರೆಜೆಕ್ಸ್ ಎಂಬ ಹೊರಗಿನ ಮಾಡ್ಯೂಲನ್ನು ಬಳಸುವವರಿದ್ದಾರೆ.

ಮೂರನೆಯದು ಅಕಾರಾದಿ. ಯೂನಿಕೋಡ್ ಪಟ್ಟಿಯಲ್ಲಿ ಳ ಅಕ್ಷರ ಲ ಆದ ಕೂಡಲೇ ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ವಿಂಗಡಿಸಲು ಬರೀ ಸಾರ್ಟೆಡ್ ಎಂಬ ಆಜ್ಞೆ ಕೊಟ್ಟರೆ ‘ಬಾಳೆಲೆ’ ಮೊದಲು, ‘ಬಾವಿ’ ಆಮೇಲೆ ಬರುತ್ತದೆ. ನಿಘಂಟಿನಲ್ಲಿ ಇದು ತಿರುಗಾಮುರುಗಾ.

ಹಾಗೆಂದು ಎಲ್ಲವೂ ದೂರೇ ಅಲ್ಲ. 2008ರ ಪೈಥಾನ್ 3ರಿಂದ ವೇರಿಯಬಲ್ಲುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ‘೧೨೩’ ಎಂಬ ಕನ್ನಡ ಅಂಕಿಗಳನ್ನು ಇಂಟ್‌ಗೆ ಕೊಟ್ಟರೆ ಸಲೀಸಾಗಿ 123 ಎಂದು ಓದುತ್ತದೆ. ಪಿಎಚ್‌ಪಿಯವರ ಯೂನಿಕೋಡ್ ಕನಸು ಇಷ್ಟು ಸುಲಭವಾಗಲಿಲ್ಲ: ಅದಕ್ಕೆಂದೇ ಹೊರಟ ಪಿಎಚ್‌ಪಿ 6 ಯೋಜನೆ 2010ರಲ್ಲಿ ಕೈಬಿಟ್ಟುಹೋಯಿತು, 2015ರಲ್ಲಿ ನೇರವಾಗಿ 7 ಬಂತು.

ಕನ್ನಡ ನಾಡಿನ ಹೆಜ್ಜೆಗಳು

ಈ ಕೆಲಸ ನಮ್ಮವರಿಗೆ ಅಪರಿಚಿತವಲ್ಲ. 2001ರಲ್ಲಿ ಲಿನಕ್ಸ್ ಬ್ಯಾಂಗಲೋರ್ ಎಂದು ಶುರುವಾಗಿ ಫಾಸ್ ಡಾಟ್ ಇನ್ ಆದ ಸಮ್ಮೇಳನ, ಅದರ ಹಿಂದಿದ್ದ ಅತುಲ್ ಚಿಟ್ನಿಸ್, ಒಂದಿಡೀ ಪೀಳಿಗೆಗೆ ಮುಕ್ತ ತಂತ್ರಾಂಶದ ರುಚಿ ಹತ್ತಿಸಿದರು. ಪೈಥಾನ್ ಬಳಗದ ಸಮ್ಮೇಳನವಾದ ಪೈಕಾನ್ ಭಾರತದಲ್ಲಿ ಮೊದಲು ನಡೆದದ್ದು 2009ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಏರನ್ ಸ್ವಾರ್ಟ್ಜ್ ಆರಂಭಿಸಿದ, ಪೈಥಾನಿನಲ್ಲಿ ಜಾಲತಾಣ ಕಟ್ಟುವ ಚೌಕಟ್ಟಾದ ವೆಬ್ ಡಾಟ್ ಪೈಯನ್ನು ಮುಂದೆ ನಡೆಸಿದವರು ಬೆಂಗಳೂರಿನ ಆನಂದ್ ಚಿಟಿಪೋತು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೊ ಭಾಷೆಯನ್ನು ಯು. ಬಿ. ಪವನಜ ಕನ್ನಡಕ್ಕೆ ತಂದರು.

ಆದರೆ ಬಳಸುವವರ ಸಂಖ್ಯೆಗೆ ಹೋಲಿಸಿದರೆ ರನ್‌ಟೈಮಿನ ಒಡಲಿಗೆ ಕೈಹಾಕುವವರು ವಿರಳ. ಆ್ಯಪ್ ಕಟ್ಟಲು ಹತ್ತಾರು ಕೈಗಳಿವೆ. ಅದರ ಕೆಳಗಿನ ಅಡಿಪಾಯದಲ್ಲಿ ಕನ್ನಡ ಸರಿಯಾಗಿ ನಿಂತಿದೆಯೇ ಎಂದು ತಟ್ಟಿ ನೋಡಲು ಪುರುಸೊತ್ತಿಲ್ಲ.

ಕೊಡಗಿಗೇ ಒಪ್ಪುವ ಕೆಲಸ

ಭಾಷೆಗಳ ಸಂತೆಯಾದ ಕೊಡಗಿಗೆ ಇದರಲ್ಲಿ ವಿಶೇಷ ಪಾಲಿದೆ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ ಪ್ರಕಟಿಸಿದ್ದು ಕನ್ನಡ ಲಿಪಿಯಲ್ಲೇ. ಕನ್ನಡದಲ್ಲಿ ನೇರ ಅಕ್ಷರವಿಲ್ಲದ ಸ್ವರಗಳು ಕೊಡವ ತಕ್ಕ್, ಅಂದರೆ ಕೊಡವ ಭಾಷೆಯಲ್ಲಿವೆ. ಪದದ ಕೊನೆಗೆ ಅರ್ಧಾಕ್ಷರ ಬರುವುದೂ ಹೆಚ್ಚು. ‘ತಕ್ಕ್‌ನಲ್ಲಿ’ ಎಂದು ಬರೆದಾಗ ನ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಎಣಿಕೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ, ಹುಡುಕಾಟದಲ್ಲಿ ಅಡ್ಡ ಬರುತ್ತದೆ, ವೇರಿಯಬಲ್ ಹೆಸರಲ್ಲಿ ಇಟ್ಟರೆ ಪೈಥಾನ್ ಒಪ್ಪದೆ ದೋಷ ತೋರಿಸುತ್ತದೆ. ಇಂಥ ಸೂಕ್ಷ್ಮ ಹೊಳೆಯುವುದು ದಿನವೂ ಈ ನುಡಿಗಳಲ್ಲಿ ಬರೆಯುವವರಿಗೆ. ಆಮ್‌ಸ್ಟರ್‌ಡ್ಯಾಮಿನಲ್ಲೋ ಸಿಯಾಟಲ್‌ನಲ್ಲೋ ಕುಳಿತವರಿಗಲ್ಲ.

ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ, ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಮಡಿಕೇರಿಯಲ್ಲಿ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳಿವೆ. ಒಬ್ಬರ ಬಳಿ ಕೋಡ್ ಬರೆಯುವ ಕೈ, ಇನ್ನೊಬ್ಬರ ಬಳಿ ನುಡಿ ಬಲ್ಲ ಕಿವಿ. ಅಂತಿಮ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಂಡು ತರುವ ಬದಲು, ಕೊಡವ, ಅರೆಭಾಷೆ, ಕನ್ನಡ ಪದಗಳ ಒಂದು ಪರೀಕ್ಷಾ ಕಂತೆಯನ್ನು ಇವರೇ ಸೇರಿ ಕಟ್ಟಬಹುದು.

ಓದುಗರಲ್ಲಿ ಯಾರಿಗಾದರೂ ಕೈ ತುರಿಸಿದರೆ ಹೀಗೆ ಹೊರಡಿ: ಸಿಪೈಥಾನ್ ಕಟ್ಟಿ, ಪರೀಕ್ಷೆ ನಡೆಸಿ, ಕನ್ನಡ ಎಡವುವ ಒಂದು ಜಾಗ ಹಿಡಿಯಿರಿ. ಅದು ಈಗಾಗಲೇ ದೋಷಪಟ್ಟಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ದಾಖಲಿಸಿ, ತಪ್ಪನ್ನು ತೋರಿಸುವ ನಾಲ್ಕು ಸಾಲಿನ ಪರೀಕ್ಷೆಯನ್ನೂ ಜೊತೆಗೆ ಬರೆಯಿರಿ. ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಿ ಕಳಿಸಿದರೆ, ಅದನ್ನು ಓದಿ ಉತ್ತರಿಸುವವರು ಇದ್ದಾರೆ. ತಡವಾದರೆ ಎದೆಗುಂದಬೇಡಿ, ಸೌಜನ್ಯದಿಂದ ಮತ್ತೆ ಕೇಳಿ. ನಾವು ಬರೆಯದ ಪರೀಕ್ಷೆಯನ್ನು ನಮ್ಮ ಪರವಾಗಿ ಇನ್ಯಾರೂ ಬರೆಯುವುದಿಲ್ಲ.