ದಿನಕ್ಕೆ ಒಂಬತ್ತು ಕ್ಯಾನ್

ಮಟನ್ ಅಂಗಡಿಯಲ್ಲಿ ಕಿಡ್ನಿ ಬೇಕು ಎಂದರೆ ಅಂಗಡಿಯವನು ಒಂದು ಗಳಿಗೆ ಮುಖ ನೋಡುತ್ತಾನೆ. ಗುರ್ದಾ ಎಂದರೆ ಸರಕ್ಕನೆ ತೆಗೆದು ತಕ್ಕಡಿಗೆ ಹಾಕುತ್ತಾನೆ. ಪ್ರಾಕ್ಟಿಕಲ್ ಇರುವ ದಿನ ಬೆಳಿಗ್ಗೆ ನಾನು ಐದಾರು ಗುರ್ದಾ ಕಟ್ಟಿಸಿಕೊಂಡು ಕಾಲೇಜಿಗೆ ಹೋಗುವುದು ರೂಢಿ. ಮೊದಲ ವರ್ಷ ಅವಸರದಲ್ಲಿ ಬದನೆಕಾಯಿ ಹೋಳು ಮಾಡಿದಂತೆ ಅಡ್ಡಕ್ಕೆ ಕೊಯ್ದು ಟ್ರೇನಲ್ಲಿ ಇಟ್ಟುಬಿಟ್ಟಿದ್ದೆ. ಕೆಂಪು ಮಾಂಸದ ನಡುವೆ ಒಂದಿಷ್ಟು ಬಿಳಿ ಕೊಬ್ಬು, ಅಷ್ಟೇ. “ಸರ್, ಪುಸ್ತಕದಲ್ಲಿರೋ ಚಿತ್ರ ಇದರಲ್ಲಿ ಎಲ್ಲಿದೆ?” ಎಂದು ಒಬ್ಬಳು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ಉದ್ದಕ್ಕೆ, ಗೋಡಂಬಿಯನ್ನು ಎರಡು ಬೇಳೆ ಮಾಡುವಂತೆ ಸೀಳಿದರೆ ಚಿತ್ರ ಸಿಗುತ್ತದೆ. ಹೊರಗಡೆ ಒಂದು ಗಾಢ ಕೆಂಪು ಪಟ್ಟಿ, ಇದು ಕಾರ್ಟೆಕ್ಸ್. ಒಳಗಡೆ ತುಸು ಬೇರೆ ಬಣ್ಣದ ಭಾಗ, ಇದು ಮೆಡುಲ್ಲಾ. ಒಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಬಾಚಣಿಗೆಯಲ್ಲಿ ಬಾಚಿದಂತೆ ಸಣ್ಣ ಗೆರೆಗಳು ನಡುವಿನ ಗುಳಿಯತ್ತ ಇಳಿದಿರುತ್ತವೆ. ಕುರಿ, ಮೇಕೆಯಲ್ಲಿ ಈ ಗೆರೆಗಳೆಲ್ಲ ಒಂದೇ ಉಬ್ಬು ಅಂಚಿಗೆ ಸೇರುತ್ತವೆ. ನಮ್ಮಲ್ಲಿ ಹತ್ತಾರು ಗೋಪುರಗಳಾಗಿ ಬೇರೆ ಬೇರೆ ನಿಂತಿರುತ್ತವೆ. ಆ ಗೆರೆಗಳು ಯಾಕಿವೆ ಎಂಬುದು ಗೊತ್ತಾದರೆ ಮೂತ್ರಪಿಂಡ ಅರ್ಧ ಗೊತ್ತಾದಂತೆ. ಅಲ್ಲಿಗೆ ಆಮೇಲೆ ಬರೋಣ.

ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಸಲ ಓದಿರುವ ವಾಕ್ಯ: “ಮೂತ್ರಪಿಂಡವು ರಕ್ತದಲ್ಲಿನ ಕಸವನ್ನು ಸೋಸಿ ಹೊರಹಾಕುವ ಜರಡಿ.” ಅಂಕ ಕೊಡುತ್ತೇನೆ, ಆದರೆ ಕೈ ತಡೆಯುತ್ತದೆ. ಜರಡಿ ಇರುವುದು ನಿಜ. ಆ ಜರಡಿಗೆ ಕಸ ಯಾವುದು, ಕಾಳು ಯಾವುದು ಎಂಬುದು ಮಾತ್ರ ಗೊತ್ತಿಲ್ಲ.

ಲೆಕ್ಕ ನೋಡಿ. ಎರಡೂ ಮೂತ್ರಪಿಂಡ ಸೇರಿದರೆ ತೂಕ ಸುಮಾರು 300 ಗ್ರಾಂ, ಅಂದರೆ ದೇಹದ ತೂಕದ ಶೇಕಡಾ ಅರ್ಧದಷ್ಟು. ಆದರೆ ಹೃದಯ ನಿಮಿಷಕ್ಕೆ ಪಂಪು ಮಾಡುವ ಐದು ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ಹೆಚ್ಚು ಇವೆರಡಕ್ಕೇ ಹೋಗುತ್ತದೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು. ಒಂದೊಂದು ನೆಫ್ರಾನಿನ ತುದಿಯಲ್ಲೂ ರಕ್ತದ ಲೋಮನಾಳಗಳ ಒಂದು ಪುಟ್ಟ ಉಂಡೆ, ಗ್ಲೋಮೆರುಲಸ್. ಇದರ ವಿಶೇಷವೆಂದರೆ ರಕ್ತ ಒಳಬರುವುದೂ ಕಿರುಧಮನಿಯಿಂದ, ಹೊರಹೋಗುವುದೂ ಕಿರುಧಮನಿಯಿಂದ. ಎರಡೂ ಕಡೆ ನಲ್ಲಿ ಇಟ್ಟ ಪೈಪಿನಂತೆ ಒಳಗಿನ ಒತ್ತಡವನ್ನು ಹಿಡಿತದಲ್ಲಿ ಇಡಬಹುದು. ಆ ಒತ್ತಡಕ್ಕೆ ನೀರು, ಉಪ್ಪು, ಸಕ್ಕರೆ, ಅಮೈನೋ ಆಮ್ಲ, ಯೂರಿಯಾ ಎಲ್ಲವೂ ಗೋಡೆ ದಾಟಿ ಬಟ್ಟಲಿನಂಥ ಬೋಮನ್ ಕೋಶಕ್ಕೆ ಇಳಿಯುತ್ತವೆ. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಮೇಲೆಯೇ ಉಳಿಯುತ್ತವೆ, ಕಾಫಿ ಫಿಲ್ಟರಿನಲ್ಲಿ ಚರಟ ಉಳಿದಂತೆ.

ಹೀಗೆ ಇಳಿಯುವುದು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್. ದಿನಕ್ಕೆ 180 ಲೀಟರ್. ಮನೆಗೆ ತರಿಸುವ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥವು ಒಂಬತ್ತು. ಮೈಯಲ್ಲಿರುವ ಪ್ಲಾಸ್ಮಾ ಒಟ್ಟು ಮೂರು ಲೀಟರ್ ಅಷ್ಟೇ. ಅಂದರೆ ಅದೇ ದ್ರವ ದಿನಕ್ಕೆ ಅರವತ್ತು ಸಲ ಸೋಸಿ ಹೋಗುತ್ತದೆ. ಅದರ ಜೊತೆ ಹೋಗುವ ಅಡುಗೆ ಉಪ್ಪನ್ನು ತೂಗಿದರೆ ಒಂದೂವರೆ ಕಿಲೋ. ಸಕ್ಕರೆ 180 ಗ್ರಾಂ. ಕೊನೆಗೆ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್, ಆರೋಗ್ಯವಂತರಲ್ಲಿ ಸಕ್ಕರೆ ಇಲ್ಲವೇ ಇಲ್ಲ ಎನ್ನಬೇಕು. ಉಳಿದದ್ದೆಲ್ಲ ವಾಪಸ್.

ಈ ಲೆಕ್ಕ ವಿಜ್ಞಾನಿಗಳಿಗೇ ಬಹಳ ಕಾಲ ನುಂಗಲಾರದ ತುತ್ತಾಗಿತ್ತು. 1842ರಲ್ಲಿ ಲಂಡನ್ನಿನ ವಿಲಿಯಂ ಬೋಮನ್ ಈ ಬಟ್ಟಲನ್ನೂ ಅದರಿಂದ ಹೊರಡುವ ನಳಿಕೆಯನ್ನೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಅದೇ ದಶಕದಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್, ಇಲ್ಲಿ ಮೊದಲು ಎಲ್ಲ ಸೋಸಿಹೋಗುತ್ತದೆ, ಆಮೇಲೆ ನಳಿಕೆ ಅದನ್ನು ಹೀರಿಕೊಳ್ಳುತ್ತದೆ ಎಂದ. ರುಡಾಲ್ಫ್ ಹೈಡೆನ್‌ಹೈನ್ ಒಪ್ಪಲಿಲ್ಲ. ಅಷ್ಟೊಂದು ನೀರನ್ನು ಚೆಲ್ಲಿ ಮತ್ತೆ ಬಳಿದುಕೊಳ್ಳುವ ಅಂಗ ಇರಲಾರದು, ನಳಿಕೆಯ ಜೀವಕೋಶಗಳೇ ಕಸವನ್ನು ಸ್ರವಿಸುತ್ತವೆ ಎಂಬುದು ಅವನ ವಾದ. ತೀರ್ಪು ಕೊಟ್ಟದ್ದು ಒಂದು ಕಪ್ಪೆ. ಪೆನ್ಸಿಲ್ವೇನಿಯಾದಲ್ಲಿ ಆಲ್‌ಫ್ರೆಡ್ ರಿಚರ್ಡ್ಸ್ ಮತ್ತು ಜೋಸೆಫ್ ವರ್ನ್ ಕೂದಲಿಗಿಂತ ತೆಳ್ಳಗೆ ಎಳೆದ ಗಾಜಿನ ನಳಿಗೆಯನ್ನು ಕಪ್ಪೆಯ ಒಂದೇ ಒಂದು ಬೋಮನ್ ಕೋಶಕ್ಕೆ ಚುಚ್ಚಿ, ಅಲ್ಲಿನ ದ್ರವವನ್ನು ಹೀರಿ ಪರೀಕ್ಷಿಸಿದರು. ಅದರಲ್ಲಿ ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದ ಮೂತ್ರದಲ್ಲಿ ಇರಲಿಲ್ಲ. 1924ರಲ್ಲಿ ಇದು ಅಚ್ಚಾಯಿತು. ಲುಡ್ವಿಗ್ ಗೆದ್ದ. ಹೈಡೆನ್‌ಹೈನ್ ಪೂರ್ತಿ ಸೋಲಲೂ ಇಲ್ಲ. ನಳಿಕೆ ಕೆಲವು ವಸ್ತುಗಳನ್ನು ನಿಜವಾಗಿಯೂ ರಕ್ತದಿಂದ ಸೆಳೆದು ಮೂತ್ರಕ್ಕೆ ದೂಡುತ್ತದೆ ಎಂಬುದೂ ಆಮೇಲೆ ಸಾಬೀತಾಯಿತು.

ಇಷ್ಟು ದುಂದು ಯಾಕೆ? ಕಸವನ್ನಷ್ಟೇ ಹೆಕ್ಕಿ ಎಸೆದರೆ ಸಾಲದೆ?

ಯುಗಾದಿಗೆ ಮುಂಚೆ ನಮ್ಮ ಅಮ್ಮ ಅಟ್ಟ ಚೊಕ್ಕ ಮಾಡುತ್ತಿದ್ದ ರೀತಿ ನೆನಪಾಗುತ್ತದೆ. ಅಟ್ಟದ ಮೇಲೆ ಕೂತು ಇದು ಬೇಕೆ, ಅದು ಬೇಡವೆ ಎಂದು ಯೋಚಿಸುವ ಪೈಕಿ ಅಲ್ಲ ಅವರು. ಪಾತ್ರೆ, ಡಬ್ಬ, ಹರಿದ ಚಾಪೆ, ಯಾರೋ ಬಿಟ್ಟುಹೋದ ಕೊಡೆ, ಸಮಸ್ತವೂ ಅಂಗಳಕ್ಕೆ. ಆಮೇಲೆ ಬೇಕಾದ್ದು ಮಾತ್ರ ಒಳಗೆ. ಅಂಗಳದಲ್ಲಿ ಉಳಿದದ್ದು ಏನು, ಅದರ ಹೆಸರೇನು ಎಂದು ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೂತ್ರಪಿಂಡದ್ದೂ ಅದೇ ಜಾಣತನ. ದೇಹಕ್ಕೆ ಬೇಕಾದ ವಸ್ತುಗಳ ಪಟ್ಟಿ ಚಿಕ್ಕದು, ಹೆಚ್ಚು ಬದಲಾಗದ್ದು. ಬೇಡದವುಗಳ ಪಟ್ಟಿಗೆ ಕೊನೆಯಿಲ್ಲ: ಕಾಡು ಸೊಪ್ಪಿನ ವಿಷ, ನಿನ್ನೆ ಕಂಡುಹಿಡಿದ ಮಾತ್ರೆ, ನಾಳೆ ಬರಲಿರುವ ಬಣ್ಣ. ಬೇಡದ್ದನ್ನು ಗುರುತಿಸುವ ಕೆಲಸಕ್ಕೇ ಕೈ ಹಾಕದೆ ಬೇಕಾದ್ದನ್ನಷ್ಟೇ ಗುರುತಿಸಿದರೆ ಹೊಸ ವಿಷಕ್ಕೂ ಹಳೆಯ ದಾರಿಯೇ ಸಾಕು.

1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಪೆನಿಸಿಲಿನ್ ಚುಚ್ಚಿದಾಗ ವೈದ್ಯರಿಗೆ ಇದೇ ತಲೆನೋವಾಯಿತು. ಜಗತ್ತಿನಲ್ಲೇ ಚಿಟಿಕೆಯಷ್ಟಿದ್ದ ಔಷಧ ಅದು. ಆತನ ಮೂತ್ರಪಿಂಡಗಳು ಅದನ್ನು ಗಂಟೆಗಳಲ್ಲಿ ಹೊರಗೆ ಹಾಕಿಬಿಟ್ಟವು. ಮೂತ್ರವನ್ನೇ ಸಂಗ್ರಹಿಸಿ, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಚುಚ್ಚಿದರು. ಆತ ಚೇತರಿಸಿಕೊಳ್ಳುತ್ತಿದ್ದಾಗಲೇ ಔಷಧ ಮುಗಿಯಿತು, ಆತ ಉಳಿಯಲಿಲ್ಲ. ಪೆನಿಸಿಲಿನ್ ಬರೀ ಸೋಸಿಹೋಗುವುದಿಲ್ಲ, ನಳಿಕೆಯೂ ಅದನ್ನು ಮುತುವರ್ಜಿಯಿಂದ ದೂಡುತ್ತದೆ. ಆ ದೂಡುವಿಕೆಯನ್ನು ತಡೆಯಲೆಂದೇ ಮುಂದೆ ಪ್ರೊಬೆನೆಸಿಡ್ ಎಂಬ ಮಾತ್ರೆ ಬಂತು.

ಇನ್ನು ವಾಪಸಾತಿಯ ಕೆಲಸ. ಬಟ್ಟಲಿನಿಂದ ಹೊರಟ ನಳಿಕೆಯ ಮೊದಲ ಸುರುಳಿಯಲ್ಲೇ ಮೂರರಲ್ಲಿ ಎರಡು ಪಾಲು ನೀರು, ಉಪ್ಪು ರಕ್ತಕ್ಕೆ ಮರಳುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿ. ನೀರನ್ನು ಎತ್ತುವ ಪಂಪು ದೇಹದಲ್ಲಿ ಎಲ್ಲೂ ಇಲ್ಲ. ಪಂಪು ಇರುವುದು ಸೋಡಿಯಂಗೆ. ಸೋಡಿಯಂ ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಸಕ್ಕರೆಯೂ ಸೋಡಿಯಂ ಹತ್ತಿದ ಬಸ್ಸಿಗೇ ಹತ್ತುತ್ತದೆ. ಬಸ್ಸಿನಲ್ಲಿ ಸೀಟುಗಳು ಇಷ್ಟೇ ಎಂಬ ಲೆಕ್ಕ ಇದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಸೀಟು ಸಾಲದೆ ಉಳಿದದ್ದು ಮೂತ್ರಕ್ಕೆ ಇಳಿಯುತ್ತದೆ. ನಾವು ಶುಗರ್ ಎನ್ನುವ ಕಾಯಿಲೆಗೆ ಸಿಹಿಮೂತ್ರ ರೋಗ ಎಂಬ ಹೆಸರು ಬಂದದ್ದು ಹೀಗೆ. ತಮಾಷೆ ಎಂದರೆ ಈಗ ಶುಗರಿಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ಮಾಡುವುದೂ ಅದನ್ನೇ, ಬೇಕೆಂದೇ ಸೀಟುಗಳನ್ನು ಮುಚ್ಚಿ ಸಕ್ಕರೆಯನ್ನು ಮೂತ್ರಕ್ಕೆ ಇಳಿಸುವುದು. ಅದರ ಮೂಲಪುರುಷ ಫ್ಲೋರಿಜಿನ್ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲೇ ಸಿಕ್ಕಿತ್ತು.

ಈಗ ಆ ಗೆರೆಗಳಿಗೆ ಬರೋಣ.

ಮೊದಲ ಸುರುಳಿ ಮುಗಿಸಿದ ನಳಿಕೆ ನೆಟ್ಟಗೆ ಮೆಡುಲ್ಲಾಕ್ಕೆ ಇಳಿಯುತ್ತದೆ, ತಲೆಪಿನ್ನಿನಂತೆ ಬಾಗಿ ಮತ್ತೆ ನೆಟ್ಟಗೆ ಮೇಲೇರುತ್ತದೆ. ಇದು ಹೆನ್ಲೆಯ ಕುಣಿಕೆ. ಪಕ್ಕದಲ್ಲೇ ಸಂಗ್ರಾಹಕ ನಾಳಗಳೂ ಅದೇ ದಿಕ್ಕಿನಲ್ಲಿ ಇಳಿಯುತ್ತವೆ. ಗುರ್ದಾದಲ್ಲಿ ಕಂಡ ಗೆರೆಗಳು ಇವೇ, ಜೊತೆಗೆ ಇವುಗಳ ಒತ್ತಿನಲ್ಲಿ ಓಡುವ ರಕ್ತನಾಳಗಳು. ಇಷ್ಟೆಲ್ಲ ಇಳಿದು ಹತ್ತುವುದಕ್ಕೆ ಒಂದೇ ಉದ್ದೇಶ: ಮೆಡುಲ್ಲಾದ ಆಳವನ್ನು ಉಪ್ಪುಪ್ಪು ಮಾಡಿ ಇಡುವುದು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಎರಡು ದಿನದಲ್ಲಿ ಅದು ನೀರು ಬಿಟ್ಟು ಸುಕ್ಕಾಗುತ್ತದಲ್ಲ, ಮೂತ್ರದಿಂದ ನೀರನ್ನು ವಾಪಸ್ ಪಡೆಯುವುದೂ ಅದೇ ಉಪಾಯದಿಂದ. ಉಪ್ಪಿನ ಭರಣಿಯ ಮೂಲಕ ಮೂತ್ರದ ಕೊಳವೆಯನ್ನು ಹಾಯಿಸಿದಂತೆ.

ಭರಣಿ ಉಪ್ಪಾಗುವುದು ಹೇಗೆ? ಕುಣಿಕೆಯ ಏರುವ ದಪ್ಪ ಭಾಗ ಉಪ್ಪನ್ನು ಹೊರಗೆ ಪಂಪು ಮಾಡುತ್ತದೆ, ಆದರೆ ನೀರನ್ನು ಬಿಡುವುದಿಲ್ಲ. ಇಳಿಯುವ ಭಾಗ ನೀರನ್ನು ಬಿಡುತ್ತದೆ, ಹಾಗಾಗಿ ಹೊರಗಿನ ಉಪ್ಪಿಗೆ ನೀರು ಬಿಟ್ಟು ಒಳಗಿನ ದ್ರವ ಇಳಿದಂತೆಲ್ಲ ಗಟ್ಟಿಯಾಗುತ್ತದೆ. ಆ ಗಟ್ಟಿ ದ್ರವವೇ ತಿರುವು ದಾಟಿ ಏರುವ ಕಡೆಗೆ ಬಂದು ಪಂಪಿಗೆ ಇನ್ನಷ್ಟು ಉಪ್ಪು ಒದಗಿಸುತ್ತದೆ. ಪಂಪಿನ ಕಸುವು ಕಡಿಮೆಯೇ. ಒಂದು ಮಟ್ಟದಲ್ಲಿ ಒಳಗೂ ಹೊರಗೂ ಸುಮಾರು 200 ಮಿಲಿಆಸ್ಮೋಲ್ ವ್ಯತ್ಯಾಸ ಮಾಡಿದರೆ ಅದರ ಕೆಲಸ ಮುಗಿಯಿತು. ಆದರೆ ಒಬ್ಬೊಬ್ಬ ಆಳು ಒಂದೊಂದೇ ಮೆಟ್ಟಿಲು ಎತ್ತಿಕೊಟ್ಟರೂ ಕಲ್ಲು ಗೋಪುರದ ತುದಿ ಮುಟ್ಟುವಂತೆ, ಮಟ್ಟದ ಮೇಲೆ ಮಟ್ಟ ಸೇರಿ ಕಾರ್ಟೆಕ್ಸಿನಲ್ಲಿ 300 ಇದ್ದ ಸಾಂದ್ರತೆ ಮೆಡುಲ್ಲಾದ ತುದಿಯಲ್ಲಿ 1200 ಮುಟ್ಟುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಯೂರಿಯಾದ್ದು. ಎಸೆಯಬೇಕಾದ ಕಸವನ್ನೇ ಎಸೆಯುವ ಮುಂಚೆ ಕೆಲಸಕ್ಕೆ ಹಚ್ಚುವ ಇಂಥ ಜಿಪುಣತನ ನನಗಂತೂ ಬಹಳ ಇಷ್ಟ. ಈ ಎದುರುಹರಿವಿನ ಸೂತ್ರವನ್ನು ಮೂತ್ರಪಿಂಡಕ್ಕೆ ಮೊದಲು ಅನ್ವಯಿಸಿದವನು ಬೇಸಲ್‌ನ ರಸಾಯನಶಾಸ್ತ್ರಜ್ಞ ವರ್ನರ್ ಕೂನ್, 1942ರಲ್ಲಿ. ಕಾಲು ಬಾತವರಿಗೆ ಕೊಡುವ ಲ್ಯಾಸಿಕ್ಸ್ ಮಾತ್ರೆ ತಡೆಯುವುದು ಏರುವ ಭಾಗದ ಇದೇ ಪಂಪನ್ನು. ಭರಣಿಯ ಉಪ್ಪು ಸಪ್ಪೆಯಾಗುತ್ತದೆ, ನೀರು ವಾಪಸಾಗದೆ ಮೂತ್ರವಾಗಿ ಹೋಗುತ್ತದೆ.

ಎಷ್ಟು ನೀರು ವಾಪಸ್ ಬೇಕು ಎಂಬ ಕೊನೆಯ ಮಾತು ಮೆದುಳಿನದ್ದು. ರಕ್ತ ತುಸು ಗಟ್ಟಿಯಾದರೆ ಪಿಟ್ಯುಟರಿ ಗ್ರಂಥಿಯಿಂದ ಎಡಿಎಚ್ ಹಾರ್ಮೋನು ಬರುತ್ತದೆ. ಅದು ಸಂಗ್ರಾಹಕ ನಾಳದ ಗೋಡೆಯಲ್ಲಿ ಅಕ್ವಾಪೋರಿನ್ ಎಂಬ ನೀರಿನ ಕಿಂಡಿಗಳನ್ನು ತೆರೆಸುತ್ತದೆ. ಇಂಥ ಕಿಂಡಿಗಳಲ್ಲಿ ಮೊದಲನೆಯದನ್ನು ಗುರುತಿಸಿದ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ರಾಯಚೂರಿನ ಮೇ ತಿಂಗಳಲ್ಲಿ ಕಿಂಡಿಗಳು ತೆರೆದೇ ಇರುತ್ತವೆ, ಮೂತ್ರ ಕಡುಹಳದಿ. ಆಗುಂಬೆಯ ಮಳೆಯಲ್ಲಿ ಬೆವರೂ ಇಲ್ಲದೆ ಮೂರನೇ ಲೋಟ ಕಾಫಿ ಕುಡಿದವರಲ್ಲಿ ಮುಚ್ಚಿರುತ್ತವೆ. ಎಡಿಎಚ್ ಬಾರದಿದ್ದರೆ ದಿನಕ್ಕೆ ಹತ್ತು ಲೀಟರಿಗೂ ಹೆಚ್ಚು ಮೂತ್ರ ಹೋಗಬಹುದು.

ಮನುಷ್ಯನ ಗರಿಷ್ಠ ಆ 1200. ಅಮೆರಿಕದ ಮರುಭೂಮಿಯ ಕಾಂಗರೂ ಇಲಿ ಇದರ ನಾಲ್ಕು ಪಟ್ಟು ಗಟ್ಟಿ ಮೂತ್ರ ಮಾಡುತ್ತದೆ, ಅದಕ್ಕೇ ಜೀವಮಾನವಿಡೀ ನೀರು ಕುಡಿಯದೆ ಬರೀ ಒಣ ಕಾಳು ತಿಂದು ಬದುಕಬಲ್ಲದು. ನಮ್ಮ ಮೂತ್ರ ಸಮುದ್ರದ ನೀರಿನಷ್ಟು ಉಪ್ಪಾಗಲಾರದು. ಆದ್ದರಿಂದ ಒಂದು ಲೀಟರ್ ಸಮುದ್ರದ ನೀರು ಕುಡಿದರೆ ಅದರ ಉಪ್ಪನ್ನು ಹೊರಹಾಕಲು ಒಂದು ಲೀಟರಿಗಿಂತ ಹೆಚ್ಚು ನೀರು ಕೈಬಿಡಬೇಕು.

ನೆಫ್ರಾನ್‌ಗಳ ಸಂಖ್ಯೆ ತಾಯಿಯ ಹೊಟ್ಟೆಯಲ್ಲೇ, 36ನೇ ವಾರದ ಹೊತ್ತಿಗೆ ನಿಗದಿಯಾಗುತ್ತದೆ. ಆಮೇಲೆ ಹೊಸದು ಒಂದೂ ಹುಟ್ಟುವುದಿಲ್ಲ. ಹೋದವುಗಳ ಕೆಲಸವನ್ನು ಉಳಿದವು ಸದ್ದಿಲ್ಲದೆ ವಹಿಸಿಕೊಳ್ಳುವುದರಿಂದ, ಸೋಸುವ ಶಕ್ತಿ ಹೆಚ್ಚುಕಡಿಮೆ ಅರ್ಧ ಕುಗ್ಗುವ ತನಕ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಎದ್ದು ಕಾಣುವಂತೆ ಏರುವುದೇ ಇಲ್ಲ. ಬಿಪಿ, ಶುಗರ್ ಇರುವವರು ಬರೀ ಕ್ರಿಯಾಟಿನಿನ್ ನೋಡಿ ನೆಮ್ಮದಿಯಾಗಿ ಇರಬಾರದು. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದೂ ನೋಡಿಸಬೇಕು. ಜರಡಿ ಹರಿಯತೊಡಗಿದ್ದು ಅಲ್ಲಿ ಮೊದಲು ಕಾಣುತ್ತದೆ. ಮನೆಯಲ್ಲಿ ಯಾರಾದರೂ ಅಂಥವರಿದ್ದರೆ ನೀವೇ ಹೇಳಿ, ಜೀವಶಾಸ್ತ್ರ ಓದುವವರು ನೀವು.

ಪ್ರಾಕ್ಟಿಕಲ್ ದಿನ ಗುರ್ದಾ ಕೈಗೆ ಬಂದಾಗ ಉದ್ದಕ್ಕೇ ಸೀಳಿ. ಚಾಕು ಹರಿತವಾಗಿರಲಿ, ಮೊಂಡಾದರೆ ಗೆರೆಗಳು ಕಲಸಿಹೋಗುತ್ತವೆ.