ಏರ್ ಗನ್ ಕೊಳ್ಳುವ ಮೊದಲು ಚುಕ್ಕೆ ನೋಡಿ

ಅಂಗಡಿಯಲ್ಲಿ ಎರಡು ಏರ್ ಗನ್ ಇಟ್ಟಿದ್ದಾರೆ. ಒಂದರ ಪೆಟ್ಟಿಗೆ ಮೇಲೆ .177 ಅಂತ ಬರೆದಿದೆ. ಇನ್ನೊಂದರ ಮೇಲೆ .22 ಅಂತ ಬರೆದಿದೆ. ಯಾವುದರ ಗುಂಡು ದೊಡ್ಡದು?

ಕಲಿಕಾ ಕೇಂದ್ರದಲ್ಲಿ ಕೇಳಿದರೆ ಹೆಚ್ಚಿನವರು 177 ಎನ್ನುತ್ತಾರೆ. ನೂರ ಎಪ್ಪತ್ತೇಳು ಎಲ್ಲಿ, ಇಪ್ಪತ್ತೆರಡು ಎಲ್ಲಿ! ಆದರೆ ಅಂಕಿಯ ಮುಂದೆ ಒಂದು ಚುಕ್ಕೆ ಇದೆ. ಎಲ್ಲ ಲೆಕ್ಕವೂ ಆ ಚುಕ್ಕೆಯಲ್ಲಿದೆ. ಅದು ದಶಮಾಂಶದ ಬಿಂದು. .177 ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 177 ಪಾಲು. .22ರ ಕೊನೆಗೆ ಒಂದು ಸೊನ್ನೆ ಸೇರಿಸಿ ಓದಿ. .220 ಆಯಿತು. ಅಂದರೆ ಸಾವಿರದಲ್ಲಿ 220 ಪಾಲು. ಈಗ ಹೇಳಿ, ಯಾವುದು ದೊಡ್ಡದು? .22.

ಇದನ್ನೇ ಮಿಲಿಮೀಟರಿಗೆ ತರೋಣ. ಒಂದು ಇಂಚಿಗೆ 25.4 ಮಿ.ಮೀ. ಅದನ್ನು 0.177ರಿಂದ ಗುಣಿಸಿದರೆ ಸುಮಾರು 4.5 ಬರುತ್ತದೆ. 0.22ರಿಂದ ಗುಣಿಸಿದರೆ ಐದೂವರೆಗಿಂತ ಚೂರು ಹೆಚ್ಚು. ಪೆಟ್ಟಿಗೆ ಮೇಲೆ ಅದನ್ನು 5.5 ಅಂತಲೇ ಬರೀತಾರೆ. ಈ ಅಳತೆ ನಳಿಗೆಯ ತೂತಿನದ್ದು. ಇದಕ್ಕೆ ಕ್ಯಾಲಿಬರ್ ಎನ್ನುತ್ತಾರೆ. 4.5ರ ಕೋವಿಗೆ 4.5ರ ಗುಂಡೇ ಬೇಕು. ಅದಲುಬದಲು ಮಾಡಲಿಕ್ಕೆ ಆಗುವುದಿಲ್ಲ.

ಲೈಸನ್ಸ್ ಬೇಕೋ ಬೇಡವೋ

ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು ಮಾತು ಯಾಕೆ ಅಂದರೆ, ಕಾನೂನು ಅಲ್ಲೇ ಗೆರೆ ಎಳೆದಿದೆ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ತೂತು 4.5 ಮಿ.ಮೀ. ಒಳಗಿರಬೇಕು. ಗುಂಡು ಹೊರಬರುವಾಗ ಅದರ ಶಕ್ತಿ 20 ಜೂಲ್ ಒಳಗಿರಬೇಕು. ಇವೆರಡೂ ಸರಿ ಇದ್ದರೆ ಲೈಸನ್ಸ್ ಬೇಡ. ಎರಡರಲ್ಲಿ ಒಂದು ಮೀರಿದರೂ ಲೈಸನ್ಸ್ ಬೇಕು. ಹಾಗಾಗಿ .22ರ ಏರ್ ಗನ್ ಎಷ್ಟೇ ಸೌಮ್ಯವಾಗಿರಲಿ, ಕಾಗದ ಇಲ್ಲದೆ ಮನೆಯಲ್ಲಿಟ್ಟರೆ ಆಯುಧ ಕಾಯ್ದೆಯ ಕೇಸು ಬೀಳಬಹುದು. "ಗಾಳಿ ಕೋವಿ ತಾನೇ, ಮದ್ದು ಇಲ್ಲವಲ್ಲ" ಎಂಬ ಮಾತು ಠಾಣೆಯಲ್ಲಿ ನಡೆಯುವುದಿಲ್ಲ.

ನಾವು ಗಡಿಯವರು. ಕಾಸರಗೋಡಿನಲ್ಲಿ ಮನೆ, ವ್ಯಾಪಾರ ಮಂಗಳೂರು ಪುತ್ತೂರಿನಲ್ಲಿ. ಅಲ್ಲಿ ಕೊಂಡರೆ ಇಲ್ಲಿನ ನಿಯಮ ತಾಗುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಇದು ಕೇಂದ್ರ ಸರಕಾರದ ಕಾನೂನು, ತಲಪಾಡಿಯ ಈಚೆಗೂ ಒಂದೇ, ಆಚೆಗೂ ಒಂದೇ. ಲೈಸನ್ಸ್ ಬೇಕಾದರೆ ನೀವು ವಾಸವಾಗಿರುವ ಜಿಲ್ಲೆಯಲ್ಲೇ ಅರ್ಜಿ ಕೊಡಬೇಕು. ಪೆಟ್ಟಿಗೆ ಮೇಲಿನ ಬರಹ ಇಂಗ್ಲಿಷಿನಲ್ಲಿರುತ್ತದೆ. ಬಿಲ್ಲು ಮಲಯಾಳದಲ್ಲೋ ಕನ್ನಡದಲ್ಲೋ ಇರಬಹುದು. ಆದರೆ ಅಂಕಿ ಎಲ್ಲ ಕಡೆ ಒಂದೇ. ದುಡ್ಡು ಕೊಡುವ ಮೊದಲು ಎರಡು ಅಂಕಿ ನೀವೇ ಓದಿ. ಒಂದು 4.5, ಇನ್ನೊಂದು ಜೂಲ್ ಎದುರಿನ ಅಂಕಿ. ಬಿಲ್ಲಿನಲ್ಲೂ ಅವನ್ನು ಬರೆಸಿಕೊಳ್ಳಿ. ಬಿಲ್ಲನ್ನು ಜೋಪಾನವಾಗಿ ಇಡಿ.

ಗುರಿ ಹಿಡಿಯಲಿಕ್ಕೆ ಯಾವುದು?

ಒಂದೇ ಕೈಯಲ್ಲಿ, ಒಂದೇ ಬಲದಲ್ಲಿ ಒಂದು ಅಡಿಕೆ ಎಸೆಯಿರಿ. ಆಮೇಲೆ ಒಂದು ತೆಂಗಿನಕಾಯಿ ಎಸೆಯಿರಿ. ಅಡಿಕೆ ಸರ್ರನೆ ಹೋಗುತ್ತದೆ. ತೆಂಗಿನಕಾಯಿ ನಿಧಾನ ಹೋಗಿ ಬೇಗ ಕೆಳಗೆ ಬೀಳುತ್ತದೆ. ಗುಂಡಿನ ಲೆಕ್ಕವೂ ಹೀಗೆಯೇ. 4.5ರ ಸಾಮಾನ್ಯ ಗುಂಡು ಸುಮಾರು ಅರ್ಧ ಗ್ರಾಂ ತೂಗುತ್ತದೆ. 5.5ರದ್ದು ಹತ್ತಿರ ಹತ್ತಿರ ಒಂದು ಗ್ರಾಂ. ಎರಡು ಕೋವಿಯೂ 16 ಜೂಲಿನದ್ದು ಅಂತ ಇಟ್ಟುಕೊಳ್ಳಿ. ಸಣ್ಣ ಗುಂಡು ಸೆಕೆಂಡಿಗೆ ಸುಮಾರು 245 ಮೀಟರ್ ವೇಗದಲ್ಲಿ ಹೊರಡುತ್ತದೆ. ದೊಡ್ಡದು ಸುಮಾರು 185 ಮೀಟರ್. 30 ಮೀಟರ್ ಹೋಗುವಷ್ಟರಲ್ಲಿ ಸಣ್ಣದು ನಳಿಗೆಯ ಗೆರೆಯಿಂದ ಒಂದು ಗೇಣಿನ ಅರ್ಧದಷ್ಟು, ಅಂದರೆ 9 ಸೆಂ.ಮೀ. ಆಸುಪಾಸು ಇಳಿದಿರುತ್ತದೆ. ದೊಡ್ಡದು 15 ಸೆಂ.ಮೀ. ಆಸುಪಾಸು. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಸಣ್ಣ ಗುಂಡು ಗುರಿಯ ಹತ್ತಿರವೇ ಬೀಳುವುದು ಇದಕ್ಕೇ. ಗುಂಡಿಗೂ ಕಡಿಮೆ ದುಡ್ಡು. ದಿನಾ ಅಭ್ಯಾಸ ಮಾಡುವವರಿಗೆ ಅದೂ ಒಂದು ಲೆಕ್ಕವೇ.

ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಪಂದ್ಯ ಪೂರ್ತಿ 4.5ರದ್ದು. ಅಲ್ಲಿನ ಗುರಿಯ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಪೆನ್ನಿನ ತುದಿ ಮುಟ್ಟಿಸಿದಷ್ಟು. ಅಲ್ಲೂ ದಶಮಾಂಶವೇ ಸೋಲು ಗೆಲುವು ತೀರ್ಮಾನಿಸುತ್ತದೆ. ಒಂದು ಗುಂಡಿಗೆ ಸಿಗುವ ಅತಿ ಹೆಚ್ಚು ಅಂಕ 10.9. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಸ್ಪರ್ಧಿ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದರು, ಚಿನ್ನ ಬಂತು. ಆಚೆಯವರು 9.7 ಹೊಡೆದು ಮೂರನೆಯವರಾದರು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲಿನಲ್ಲಿ ಕಂಚು ಗೆದ್ದರು. ಆ ರೈಫಲಿಗೂ .22 ಅಂತಲೇ ಹೆಸರು. ಆದರೆ ಅದು ಗಾಳಿಯದ್ದಲ್ಲ. ಮದ್ದು ತುಂಬಿದ ತೋಟೆಯದ್ದು, ಲೈಸನ್ಸಿನದ್ದು. .22 ಎಂಬ ಅಂಕಿ ತೂತಿನ ಅಳತೆ ಮಾತ್ರ ಹೇಳುತ್ತದೆ, ಕೋವಿಯ ಜಾತಿ ಹೇಳುವುದಿಲ್ಲ.

ಮನೆಯಲ್ಲಿ ಅಭ್ಯಾಸ ಮಾಡುವವರು ತಲೆ ಚಪ್ಪಟೆ ಇರುವ ಗುಂಡು ತೆಗೆದುಕೊಳ್ಳಿ. ಅದು ಕಾಗದದಲ್ಲಿ ಗುಂಡಗಿನ ತೂತು ಕೊರೆಯುತ್ತದೆ, ಅಂಕ ಓದಲು ಸುಲಭ. ಗುರಿಯ ಹಿಂದೆ ಗೋಣಿಯಲ್ಲಿ ಮರಳು ತುಂಬಿ ಇಡಿ. ಮುರಕಲ್ಲಿನ ಗೋಡೆಗೋ ಬಾಟಲಿಗೋ ಹೊಡೆಯಬೇಡಿ. ಗುಂಡು ತಿರುಗಿ ಬಂದು ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಗುರಿ ತಪ್ಪಿದ ಗುಂಡು ಇನ್ನೂರು ಮುನ್ನೂರು ಮೀಟರ್ ಹೋಗಬಲ್ಲದು, ಅಲ್ಲಿ ಯಾರ ಅಂಗಳವಿದೆ ಅಂತ ಮೊದಲೇ ನೋಡಿ. ಗುಂಡು ಸೀಸದ್ದು. ಮುಟ್ಟಿದ ಕೈ ತೊಳೆಯದೆ ಊಟ ಬೇಡ. ಲೈಸನ್ಸ್ ಬೇಡ ಅಂದ ಮಾತ್ರಕ್ಕೆ ಮಕ್ಕಳ ಕೈಗೆ ಕೊಟ್ಟು ದೊಡ್ಡವರು ಒಳಗೆ ಹೋಗಬಾರದು. ಹತ್ತಿರದಿಂದ ಬಿದ್ದರೆ 4.5ರ ಗುಂಡಿಗೂ ಜೀವ ತೆಗೆಯುವ ಶಕ್ತಿ ಇದೆ.

ತೋಟದ ಉಪದ್ರಕ್ಕೆ?

"ಮಾಸ್ಟ್ರೇ, ಮಂಗನಿಗೆ .22 ಆಗಬೇಕಂತೆ, ಹೌದಾ?" ಅಂತ ಒಬ್ಬ ಅಕ್ಕ ಕೇಳಿದರು. ಅವರ ತೋಟದಲ್ಲಿ ಬೊಂಡ ಉಳಿಯುತ್ತಿಲ್ಲ, ಅಡಿಕೆ ಉಳಿಯುತ್ತಿಲ್ಲ. ಸಂಕಟ ನಿಜ. ಆದರೆ ಮಂಗನಿಗೆ .22ವೂ ಇಲ್ಲ, .177ವೂ ಇಲ್ಲ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ನಮ್ಮೂರಿನ ಮಂಗ ಮೊದಲನೇ ಪಟ್ಟಿಯಲ್ಲಿದೆ. ನವಿಲೂ ಅದೇ ಪಟ್ಟಿಯಲ್ಲಿದೆ. ಮೊದಲನೇ ಪಟ್ಟಿಯ ಪ್ರಾಣಿಗೆ ಹೊಡೆದರೆ ಕಡಿಮೆಯೆಂದರೆ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಏರ್ ಗನ್ನಿಗೆ ಮಂಗ ಹೆಚ್ಚಾಗಿ ಕೂಡಲೇ ಸಾಯುವುದೂ ಇಲ್ಲ. ಗುಂಡು ಮೈಯೊಳಗೆ ಉಳಿದು, ಗಾಯ ಕೀವಾಗಿ, ದಿನಗಟ್ಟಲೆ ನರಳುತ್ತದೆ.

ಹಳೇ ಕಾಯ್ದೆಯಲ್ಲಿ ಪೀಡೆ ಪ್ರಾಣಿಗಳ ಪಟ್ಟಿ ಅಂತ ಒಂದು ಇತ್ತು. ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿಗಳು ಅದರಲ್ಲಿದ್ದವು. ಆ ಪಟ್ಟಿಯನ್ನೇ 2022ರ ತಿದ್ದುಪಡಿ ತೆಗೆದುಹಾಕಿತು. ಹಳೇ ಮಾತು ನಂಬಿ ಕಾಗೆ ಬಾವಲಿಗೆ ಗುರಿ ಇಡಬೇಡಿ. ಗಿಳಿ, ದೊಡ್ಡ ಕೆಂಪು ಅಳಿಲು, ಇವಕ್ಕೂ ರಕ್ಷಣೆ ಇದೆ. ಬೀದಿ ನಾಯಿಗೆ ಹೊಡೆದು ಗಾಯ ಮಾಡಿದರೂ ಕೇಸು ಉಂಟು. ಕಾಡುಹಂದಿಯ ದಾರಿ ಬೇರೆ. ಅದಕ್ಕೆ ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ಹೊಡೆಯುವವರು ಲೈಸನ್ಸ್ ಕೋವಿ ಇರುವವರೇ ಆಗಬೇಕು. ಏರ್ ಗನ್ನಿನಿಂದ ಹಂದಿಗೆ ಹೊಡೆದರೆ ಅದು ಸಿಟ್ಟಿಗೆದ್ದು ನಿಮ್ಮ ಮೇಲೆಯೇ ಬಂದೀತು.

ಇಂಗ್ಲೆಂಡಿನ ಕಡೆ ಒಂದು ಮಾತಿದೆ, ಗರಿಗೆ .177, ರೋಮಕ್ಕೆ .22 ಅಂತ. ಹಕ್ಕಿಗೆ ಸಣ್ಣದು, ಇಲಿ ಮೊಲಕ್ಕೆ ದೊಡ್ಡದು ಎಂದರ್ಥ. ದೊಡ್ಡ ಗುಂಡು ಅಗಲ ಗಾಯ ಮಾಡುತ್ತದೆ, ಪ್ರಾಣಿ ಬೇಗ ಬೀಳುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಅಂಗಡಿಯವರೂ ಮೊಬೈಲ್ ವಿಡಿಯೋಗಳೂ ಅದನ್ನೇ ಹೇಳುತ್ತವೆ. ಅಲ್ಲಿಗೆ ಸರಿ ಇರಬಹುದು. ಇಲ್ಲಿ ಗರಿ ಇರುವುದಕ್ಕೆ ಹೊಡೆಯುವ ಹಾಗಿಲ್ಲ, ರೋಮ ಇರುವುದರಲ್ಲಿ ನಮಗೆ ಉಳಿಯುವುದು ಮನೆಯ ಇಲಿ ಹೆಗ್ಗಣ ಮಾತ್ರ. ಕೊಟ್ಟಿಗೆಯ ಮೂಲೆಯಲ್ಲಿ ಹತ್ತು ಮೀಟರಿನೊಳಗೆ ಕೂತ ಹೆಗ್ಗಣಕ್ಕೆ .177 ಸಾಕು. ಅದೂ ತಲೆಗೇ ಬೀಳುವಷ್ಟು ಗುರಿ ಪಳಗಿದ್ದರೆ, ದನ ಹೊರಗೆ ಕಟ್ಟಿದ್ದರೆ.

ತೆಂಗಿನ ಮರ ಹತ್ತುವ ಇಲಿಗೆ ಕೋವಿ ಹಿಡಿದು ರಾತ್ರಿ ಕಾಯುವುದು ವ್ಯರ್ಥ. ಮರದ ಕಾಂಡಕ್ಕೆ ನೆಲದಿಂದ ಸುಮಾರು ಎರಡು ಮೀಟರ್ ಮೇಲೆ 40 ಸೆಂ.ಮೀ. ಅಗಲದ ತಗಡು ಸುತ್ತಿ ಬಿಗಿಯಿರಿ. ಇಲಿಯ ಉಗುರಿಗೆ ತಗಡಿನಲ್ಲಿ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಪಕ್ಕದ ಮರದ ಮಡಲು ತಾಗುತ್ತಿದ್ದರೆ ಅದನ್ನು ಕಡಿಯಿರಿ, ಇಲ್ಲವಾದರೆ ಆ ಮರದಿಂದ ಈ ಮರಕ್ಕೆ ದಾಟಿ ಬರುತ್ತದೆ.